ಗೇರಿನ ಪಕ್ಕದ ಪುಟ್ಟ ಕರಿಹಲಗೆ

ಅಕ್ಕ ನನ್ನ ಕಾರು ಹತ್ತುವುದಿಲ್ಲ ಅಂದಿದ್ದು ಒಂದು ಮಂಗಳವಾರ. ಕೆ.ಆರ್. ಪೇಟೆಯ ಅವಳ ಮನೆ ಮುಂದೆ ಎಂದಿನಂತೆ ಒಂಬತ್ತೂವರೆಗೆ ಕಾರು ನಿಲ್ಲಿಸಿದ್ದೆ. ಎಡಗಡೆಯ ಬಾಗಿಲು ತೆಗೆದು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಅವಳ ಮಂಡಿಯ ಕೆಳಗೆ ಇಡುವ ದಿಂಬನ್ನು ತಟ್ಟಿ ಸರಿಮಾಡಿ ಕಾದಿದ್ದೆ. ಅವಳು ಹೊಸಿಲಿನ ಒಳಗೇ ಊರುಗೋಲು ಹಿಡಿದು ನಿಂತಿದ್ದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಸೆರಗಿಗೆ ಪಿನ್ನು ಹಾಕಿರಲಿಲ್ಲ. ಹೊರಡುವವಳಲ್ಲ ಅಂತ ಆಗಲೇ ಗೊತ್ತಾಯಿತು.

"ಏನೇ ಅಕ್ಕ, ಹೊತ್ತಾಗುತ್ತೆ."

"ಕಾಫಿ ಕುಡಿದು ಹೋಗು. ನಾನು ಬರಲ್ಲ."

"ಯಾಕೆ?"

"ನಿನ್ನ ಕಾರು ಹಾಳು ಮಾಡಿದವಳು ನಾನು. ಅದು ಸರಿಯಾಗೋವರೆಗೆ ನಾನು ಅದಕ್ಕೆ ಕಾಲಿಡಲ್ಲ. ನಾಗಮಂಗಲಕ್ಕೆ ಬಸ್ಸಿಲ್ವಾ?"

ಬಸ್ಸಿದೆ. ಅದರ ಮೊದಲನೇ ಮೆಟ್ಟಿಲು ಹತ್ತುವಷ್ಟು ಅವಳ ಕಾಲು ಏಳುವುದಿಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಮದುವೆ ಬೇಡ ಅಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿ ಅದೇ ಊರಿನಲ್ಲಿ ನಿವೃತ್ತಳಾದವಳು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಲ ಮಂಡಿಯ ಚಿಪ್ಪು ಒಡೆದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲು ಒಲ್ಲದು. ನಾಗಮಂಗಲದಲ್ಲಿ ಒಬ್ಬ ಹೆಣ್ಣುಮಗಳು ಫಿಸಿಯೋಥೆರಪಿ ಮಾಡುತ್ತಾಳೆ. ಗದರುವುದಿಲ್ಲ, ಬಿಡುವುದೂ ಇಲ್ಲ. ಅಕ್ಕನಿಗೆ ಅವಳು ಒಗ್ಗಿದಳು. ಹಾಗಾಗಿ ಮಂಗಳವಾರ, ಶನಿವಾರ ನಾನು ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರ ದಾಟಿ, ಕೆ.ಆರ್. ಪೇಟೆಯಲ್ಲಿ ಅಕ್ಕನನ್ನು ಕೂರಿಸಿಕೊಂಡು ನಾಗಮಂಗಲಕ್ಕೆ ಹೋಗುವುದು, ಅವಳನ್ನು ಮನೆಗೆ ಬಿಟ್ಟು ಸಾಯಂಕಾಲದ ದೀಪದ ಹೊತ್ತಿಗೆ ಮನೆ ಸೇರುವುದು. ಮೊದಮೊದಲು ಕುರ್ಚಿಯಲ್ಲಿ ಕೂತರೆ ಅವಳ ಕಾಲು ಮುಂದಕ್ಕೆ ಒನಕೆಯ ಹಾಗೆ ಚಾಚಿಕೊಂಡೇ ಇರುತ್ತಿತ್ತು. ಐದು ತಿಂಗಳಲ್ಲಿ ಅಂಗಾಲು ನೆಲ ಮುಟ್ಟುವಷ್ಟಾಗಿತ್ತು. ಆ ಹೊತ್ತಿಗೇ ಈ ಹಟ.

ಕಾರಿನ ಬಗ್ಗೆಯೂ ಹೇಳಬೇಕು. ಅದು ನಮ್ಮ ಯೋಗ್ಯತೆಯ ಕಾರಲ್ಲ. ನಮ್ಮವರ ಸೋದರಮಾವ ಮೈಸೂರಿನಲ್ಲಿ ಹೋಟೆಲು ನಡೆಸುತ್ತಿದ್ದವರು, ಹೊಸದು ಕೊಂಡಾಗ ಹಳೆಯದನ್ನು ನಮಗೆ ದಾಟಿಸಿದರು. ಶ್ರೀರಂಗಪಟ್ಟಣದ ಗಂಜಾಂನ ನಮ್ಮ ಕಿರಿದಾದ ಬೀದಿಯಲ್ಲಿ ಅದು ನಿಂತರೆ ಮದುವೆ ಮನೆಗೆ ಬಂದ ಆನೆಯ ಹಾಗೆ ಕಾಣುತ್ತದೆ. ನಮ್ಮವರು ತಾಲ್ಲೂಕು ಆಫೀಸಿಗೆ ಸ್ಕೂಟರಿನಲ್ಲೇ ಹೋಗುತ್ತಾರೆ, ಕಾರಿನ ಸ್ಟೀರಿಂಗು ಹಿಡಿದರೆ ಬೆವರುತ್ತಾರೆ. ನಾನು ಐವತ್ತು ದಾಟಿದ ಮೇಲೆ ಡ್ರೈವಿಂಗು ಕಲಿತೆ. ಆ ಕಾರು ನನ್ನ ಕೈಗೇ ಬಂತು.

ಅದರ ಮುಂಭಾಗದಲ್ಲಿ ಅಗಲವಾದ ಪರದೆ. ಹಾಡು, ಫೋನು, ದಾರಿ, ಎ.ಸಿ., ಹಿಂದಕ್ಕೆ ಬರುವಾಗ ಕ್ಯಾಮೆರಾ, ಎಲ್ಲ ಅದರಲ್ಲೇ. ಆದರೆ ಆ ಪರದೆಯನ್ನು ಮುಟ್ಟಿದರೆ ಏನೂ ಆಗದು. ಗೇರಿನ ಪಕ್ಕದಲ್ಲಿ ಅಂಗೈಗಿಂತ ಚಿಕ್ಕದಾದ ಕಪ್ಪು ಟಚ್‌ಪ್ಯಾಡು ಇದೆ, ಗೊಂಬೆ ಮನೆಯ ಕರಿಹಲಗೆಯಂತೆ. ಅದರ ಮೇಲೆ ಬೆರಳು ಆಡಿಸಿದರೆ ಪರದೆಯ ಮೇಲೆ ಒಂದು ಬಾಣ ಓಡಾಡುತ್ತದೆ. ಒತ್ತಿದರೆ ಕೆಲಸ ಆಗುತ್ತದೆ. ನನಗೆ ಅದು ಬಹಳ ಇಷ್ಟವಾಗಿತ್ತು. ಮುಟ್ಟಿದರೆ ಎಚ್ಚರಗೊಳ್ಳುವುದು ಕಾರಿನಲ್ಲಿ ಅದೊಂದೇ. ಶುಕ್ರವಾರ ನಿಮಿಷಾಂಬೆಯ ಗುಡಿಗೆ ನಡೆದೇ ಹೋಗಬಹುದಾದರೂ ಕಾರನ್ನೂ ಒಯ್ಯುತ್ತಿದ್ದೆ, ಅದಕ್ಕೂ ದರ್ಶನವಾಗಲಿ ಅಂತ. ಹಿಂದಿರುಗಿ ಬಂದು ಗಂಧ ಕುಂಕುಮ ಇಡುತ್ತಿದ್ದುದೂ ಆ ಕರಿಹಲಗೆಯ ಮೇಲೆಯೇ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದೆ.

ಅಕ್ಕ ಬರಲೊಲ್ಲೆ ಅನ್ನುವುದಕ್ಕೆ ಮುಂಚಿನ ಶನಿವಾರ ನಾಗಮಂಗಲದಿಂದ ವಾಪಸ್ ಬರುತ್ತಿದ್ದೆವು. ಬಿಸಿಲಿತ್ತು. ಅಕ್ಕ ಮಜ್ಜಿಗೆ ಬಾಟಲಿಯ ಮುಚ್ಚಳ ತೆಗೆದಿದ್ದಳು. ತಿರುವಿನಲ್ಲಿ ಒಂದು ಕುರಿಮಂದೆ ಅಡ್ಡ ಬಂತು, ನಾನು ಬ್ರೇಕು ಒತ್ತಿದೆ, ಒಂದು ಚಮಚದಷ್ಟು ಮಜ್ಜಿಗೆ ಹಾರಿ ಆ ಪ್ಯಾಡಿನ ಮೇಲೆ ಬಿತ್ತು. ಅಕ್ಕ ಸೆರಗಿನಿಂದ ಒರೆಸಿದಳು. ಅಷ್ಟೇ. ಎರಡು ಮೈಲಿ ಹೋಗಿರಲಿಲ್ಲ, ಪರದೆಯ ಮೇಲಿನ ಬಾಣ ತಾನಾಗಿ ಓಡತೊಡಗಿತು. ಎ.ಸಿ. ಜೋರಾಯಿತು. ರೇಡಿಯೋ ಹತ್ತಿಕೊಂಡಿತು, ನಿಂತಿತು. ನಾವಿಬ್ಬರೂ ಆ ಗಲಾಟೆಯ ನಡುವೆಯೂ ನನ್ನ ನಾದಿನಿಯ ಅಡುಗೆಯ ವಿಷಯ ಮುಂದುವರಿಸಿದ್ದೆವು. ಇದ್ದಕ್ಕಿದ್ದಂತೆ ಕಾರಿನ ನಾಲ್ಕೂ ಬಾಗಿಲಿಂದ ನಾದಿನಿಯ ದನಿ ಬಂತು.

"ಯಾರ ಬಿಸಿಬೇಳೆಬಾತು ಅತ್ತಿಗೆ, ಗಂಟಲಿಗೆ ಅಂಟ್ಕೊಳ್ಳೋದು?"

ಬಾಣ ಹೋಗಿ ಹೋಗಿ ಅವಳ ಹೆಸರನ್ನೇ ಒತ್ತಿತ್ತು. ಫೋನು ಕಟ್ ಮಾಡಲು ಪ್ಯಾಡು ಮುಟ್ಟಿದರೆ ಬಾಣ ಇನ್ನೊಂದು ಮೂಲೆಗೆ ಓಡಿತು. ಬೇರೆ ದಿನವಾಗಿದ್ದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ದಿನ ಅವಳು ಮಜ್ಜಿಗೆ ಬಾಟಲಿಯನ್ನೇ ನೋಡುತ್ತ ಕೂತಿದ್ದಳು. ಯಾರಿಗೂ ಹೊರೆಯಾಗಬಾರದು ಅಂತ ಬದುಕಿದವಳು. ಮಜ್ಜಿಗೆ ಬಿತ್ತು, ಪ್ಯಾಡು ಕೆಟ್ಟಿತು. ಗಣಿತದ ಮೇಡಮ್ಮಿಗೆ ಲೆಕ್ಕ ಅಲ್ಲಿಗೆ ಮುಗಿದಿತ್ತು.

ಬಸ್ಸಿನಲ್ಲಿ ಹೋಗುತ್ತೇನೆ ಅಂದವಳು ಹೋಗಲಿಲ್ಲ. ಮರುವಾರ ಮಂಗಳವಾರ ಸಂಜೆ ನಾಗಮಂಗಲದಿಂದ ಆ ಹೆಣ್ಣುಮಗಳೇ ಫೋನು ಮಾಡಿದಳು. "ಮೂರು ಸಲ ತಪ್ಪಿಸಿದ್ದಾರೆ ಆಂಟಿ. ಇನ್ನೊಂದು ಹದಿನೈದು ದಿನ ಹೀಗೇ ಬಿಟ್ರೆ ಮಂಡಿ ಈಗ ಎಲ್ಲಿದೆಯೋ ಅಲ್ಲೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ನಾನು ಎಷ್ಟು ತಿಕ್ಕಿದ್ರೂ ಬರಲ್ಲ."

ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದುಹೋಯಿತು.

ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ, "ರೀ, ಹದಿನೈದು ದಿನದೊಳಗೆ ಆ ಪ್ಯಾಡು ಬದಲಾಯಿಸಬೇಕು."

"ಪರದೆ ಮೇಲೆ ಒಂದು ಟವೆಲ್ ಹಾಕಿಬಿಡೇ. ಕಾರು ಓಡುತ್ತಲ್ಲ."

"ಅಕ್ಕ ಹತ್ತಲ್ಲ."

ಅವರು ಹುಳಿಯನ್ನ ಕಲಸುವುದನ್ನು ನಿಲ್ಲಿಸಿದರು. ನನ್ನ ಅಕ್ಕನ ಹಟ ಅವರಿಗೆ ಮದುವೆಯ ದಿನದಿಂದ ಗೊತ್ತು.

ಮೈಸೂರಿನ ಸರ್ವೀಸಿನವರಿಗೆ ಫೋನು ಮಾಡಿದೆ. ಪ್ಯಾಡು ಹೊರದೇಶದಿಂದ ಬರಬೇಕು, ಮೂರು ತಿಂಗಳಾಗಬಹುದು ಅಂದರು. ಅಕ್ಕನ ಮಂಡಿಗೆ ಮೂರು ತಿಂಗಳಿಲ್ಲ. ಗುರುವಾರ ಬೆಳಿಗ್ಗೆ ಪಾಂಡವಪುರಕ್ಕೆ ಹೊರಟೆ. ಅಲ್ಲಿ ಕಬ್ಬಿನ ಟ್ರಾಕ್ಟರುಗಳ ವೈರಿಂಗು ಮಾಡುವ ಒಬ್ಬ ಎಲೆಕ್ಟ್ರಿಷಿಯನ್ನಿನ ಅಂಗಡಿ ಇದೆ. ದಾರಿಯಲ್ಲಿ ನಮ್ಮ ಕಾರಿನ ಹಾರ್ನ್ ಕೆಟ್ಟಾಗ ಒಮ್ಮೆ ಸರಿಮಾಡಿಕೊಟ್ಟಿದ್ದ. ನಮ್ಮ ವಯಸ್ಸಿನವನೇ, ಕಿವಿಯ ಮೇಲೆ ಯಾವಾಗಲೂ ಒಂದು ಟೆಸ್ಟರು.

ಅವನು ಕಾರಿನೊಳಗೆ ಕೂತು ಪ್ಯಾಡಿನಿಂದ ಕೈ ತೆಗೆದು ಸುಮ್ಮನೆ ನೋಡಿದ. ಬಾಣ ಮೂಲೆಯಿಂದ ಮೂಲೆಗೆ ಓಡುತ್ತಿತ್ತು.

"ಪರದೆ ಚೆನ್ನಾಗದೆ ಕಣಮ್ಮ. ಪ್ಯಾಡೇ ಕೆಟ್ಟೋಗದೆ. ನೋಡಿ, ಯಾರೂ ಮುಟ್ಟಿಲ್ಲ. ಆದ್ರೂ ಅದ್ಕೆ ಯಾವಾಗ್ಲೂ ಯಾರೋ ಬೆರಳು ಮಡಗವ್ರೆ ಅನ್ನುಸ್ತಾ ಅದೆ. ಒಳಕ್ಕೆ ಏನೋ ಸೇರ್ಕಂಡದೆ."

"ಮಜ್ಜಿಗೆ ಬಿತ್ತು."

"ಮಜ್ಗೆನಾ?" ಅವನು ನಕ್ಕ. "ಸರಿ ಬುಡಿ. ಬ್ಯಾರೆ ಪ್ಯಾಡು ಬೇಕು."

"ನೀವೇ ಹಾಕಿಕೊಡಿ."

"ಅಮ್ಮೋ, ನನ್ ಕೈ ನೋಡಿ. ಟ್ರಾಕ್ಟ್ರು ಬಿಚ್ಚೋ ಕೈ ಇದು. ಈ ಕೈಲಿ ಆ ಕ್ಲಿಪ್ಪು ಇಡುದ್ರೆ ಚಕ್ಲಿ ಮುರ್ದಂಗೆ ಮುರ್ದೋಯ್ತದೆ. ನೀವ್ ಅತ್ಬುಟ್ರೆ ನಾನೇನ್ ಮಾಡ್ಲಿ?"

ನಾನು ಅಳಲಿಲ್ಲ, ಅಲ್ಲಿಂದ ಏಳಲೂ ಇಲ್ಲ. ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತೆ. ಅವನು ಎರಡು ಟ್ರಾಕ್ಟರಿನ ದೀಪ ಸರಿಮಾಡುವವರೆಗೂ ಕೂತೇ ಇದ್ದೆ. ಕೊನೆಗೆ ಅವನೇ ಬಂದು, ಟೀ ಲೋಟ ಕೈಗಿಟ್ಟು, ದೇವಲಾಪುರದ ವಿಷಯ ಹೇಳಿದ. ಅವನ ಬೀಗರ ಪೈಕಿ ಒಂದು ಮನೆಯಲ್ಲಿ ಇಂಥದೇ ಕಾರು ಇದೆ. ಹಿಂದಿನಿಂದ ಲಾರಿ ಗುದ್ದಿ ಬಾಲ ನಜ್ಜುಗುಜ್ಜಾಗಿದೆ. ಮುಂಭಾಗ ಹಾಗೇ ಇದೆ. ಈಗ ಕೊಟ್ಟಿಗೆಯಲ್ಲಿ ನಿಂತಿದೆ. "ಕೋಳಿ ಮನೀಕತಾವೆ ಅದ್ರೊಳಗೆ. ಕೇಳುದ್ರೆ ಕೊಡ್ತಾರೆ."

"ಬಿಚ್ಚೋರು ಯಾರು?"

"ನೀವೇ." ಅವನು ನನ್ನ ಎಡಗೈ ತೋರುಬೆರಳಿನ ತುದಿಯನ್ನು ತೋರಿಸಿದ. ಅಲ್ಲಿ ಸೂಜಿ ಚುಚ್ಚಿ ಚುಚ್ಚಿ ಚರ್ಮ ಒರಟಾಗಿದೆ. "ಇದು ಒಲ್ಗೆ ಕೈಯಲ್ವಾ? ಅಲ್ಲಿ ಕಿತ್ಕಂಡು ಕಲ್ತ್ಕಳಿ, ಇಲ್ಲಿಗೆ ತಂದು ಅಂಗೇ ಕೂರ್ಸಿ."

ಅಂಚು ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಹತ್ತನೇ ನಂಬರಿನ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು ಕೊಟ್ಟ. ಬೀಡಿ ಕಟ್ಟಿನ ಕಾಗದದ ಹಿಂದೆ ಚಿತ್ರ ಬರೆದ. "ನಿಮ್ ಕಾರಲ್ಲಿ ಮಾಡ್ಬೇಕಾದ್ರೆ ಬ್ಯಾಟ್ರಿ ತಂತಿ ತಗ್ದು ಅರ್ಧ ಗಂಟೆ ಸುಮ್ನೆ ಕೂತಿರಿ. ಏರ್‌ಬ್ಯಾಗು, ಆ ಗಾಳಿ ಚೀಲ, ಪಟ್ ಅಂದ್ರೆ ಮೊಕ ಉಳಿಯಾಕಿಲ್ಲ."

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಮದರ್ ಒಬ್ಬರಿದ್ದರು. ಹೊಲಿದದ್ದಕ್ಕಿಂತ ಬಿಚ್ಚಿದ್ದಕ್ಕೆ ಹೆಚ್ಚು ಅಂಕ ಕೊಡುತ್ತಿದ್ದರು. ಬಟ್ಟೆ ಹರಿಯದ ಹಾಗೆ, ದಾರ ಒಂದೇ ಎಳೆಯಾಗಿ ಬರುವ ಹಾಗೆ ಬಿಚ್ಚಬೇಕು. ಬಿಚ್ಚಿದ ಕ್ರಮವನ್ನು ಪುಸ್ತಕದಲ್ಲಿ ಬರೆಯಬೇಕು. ಅದು ಶಿಕ್ಷೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಶನಿವಾರ ದೇವಲಾಪುರಕ್ಕೆ ಹೊರಡುವಾಗ ನಾನು ಅಡುಗೆಮನೆಯಿಂದ ಹಳೆಯ ಸಾಂಬಾರ ಡಬ್ಬಿಯನ್ನು, ದೇವರ ಮನೆಯ ಪಕ್ಕದ ಕನ್ನಡಿಯಿಂದ ಎರಡು ಬಣ್ಣದ ಸ್ಟಿಕ್ಕರ್ ಬೊಟ್ಟುಗಳನ್ನು ತೆಗೆದುಕೊಂಡೆ. ಒಂದು ನೋಟ್‌ಬುಕ್ಕನ್ನೂ.

ಕೊಟ್ಟಿಗೆಯಲ್ಲಿ ಆ ಕಾರು ಹುಲ್ಲಿನ ಹೊರೆಗಳ ನಡುವೆ ಮೂಗು ಮಾತ್ರ ತೋರಿಸಿಕೊಂಡು ನಿಂತಿತ್ತು. ಮನೆಯಾಕೆ ಬಾಗಿಲು ತೆಗೆದು ಹಿಂದಿನ ಸೀಟಿನಿಂದ ಒಂದು ಕೆಂಪು ಹೇಂಟೆಯನ್ನು ಓಡಿಸಿದಳು. "ನಡಿ ಆಚಿಕೆ, ನಿಂಗ್ ಎ.ಸಿ. ಬೇರೆ ಕೇಡು." ಅದು ಗೊಣಗುತ್ತ ಹೋಯಿತು. ಸೀಟಿನ ಮೇಲೆ ಒಂದು ಮೊಟ್ಟೆ ಇತ್ತು. ಆಕೆ ನನ್ನ ಕಡೆ ನೋಡಿ, "ನಿಮ್ಗೆ ಕೊಡಾಣ ಅಂದ್ರೆ ನೀವು ತಿನ್ನಾಕಿಲ್ಲ" ಅಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಬ್ಯಾಟರಿಯನ್ನು ಎಂದೋ ತೆಗೆದಿದ್ದರು. ಕಾರನ್ನು ತಳ್ಳಿ ಒಳಗೆ ನಿಲ್ಲಿಸಿದ್ದರಿಂದ ಗೇರಿನ ಕೋಲು ಹಿಂದಕ್ಕೇ ಬಾಗಿತ್ತು. ಗೇರಿನ ಗುಂಡನ್ನು ತಿರುಗಿಸಿ ತೆಗೆದೆ. ಸುತ್ತಲಿನ ಮುಚ್ಚಳದ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಎತ್ತಿದೆ. ಟಕ್ ಅಂತ ಒಂದು ಕ್ಲಿಪ್ಪು ಬಿಟ್ಟಿತು. ಬಗ್ಗಿ ನೋಡಿದೆ. ಮುರಿದಿರಲಿಲ್ಲ. ಎಂಟು ಕ್ಲಿಪ್ಪು. ಎಂಟನ್ನೂ ನೋಟ್‌ಬುಕ್ಕಿನಲ್ಲಿ ಚುಕ್ಕಿಯಿಟ್ಟು ಗುರುತು ಮಾಡಿದೆ. ಮುಚ್ಚಳ ಎದ್ದಿತು. ಕೆಳಗೆ ಎರಡು ತಂತಿಯ ಜೋಡಣೆ. ಒಂದರ ಎರಡೂ ತುದಿಗೆ ಕೆಂಪು ಬೊಟ್ಟು, ಇನ್ನೊಂದಕ್ಕೆ ಮರೂನ್ ಬೊಟ್ಟು ಅಂಟಿಸಿ ಬಿಡಿಸಿದೆ. ನಾಲ್ಕು ಸ್ಕ್ರೂ. ಜೀರಿಗೆಯ ಬಟ್ಟಲಿಗೆ ಎರಡು, ಮೆಂತ್ಯದ ಬಟ್ಟಲಿಗೆ ಎರಡು. ಪ್ಯಾಡು ಕೈಗೆ ಬಂತು. ಮರಿ ಹಕ್ಕಿಯಷ್ಟೇ ತೂಕ.

ಕೆಲಸ ಮುಗಿಯುವವರೆಗೆ ಮನೆಯಾಕೆ ಅಕ್ಕನ ಕಥೆ ಕೇಳುತ್ತ ಟಾರ್ಚು ಹಿಡಿದು ನಿಂತಿದ್ದಳು. "ಗಂಡಸ್ರಾಗಿದ್ರೆ ಇಷ್ಟೊತ್ಗೆ ಸುತ್ಗೆ ತಕ್ಕೊತಿದ್ರು" ಅಂದಳು. ದುಡ್ಡು ಅಂದಾಗ ಮುಖ ಗಂಟಿಕ್ಕಿದಳು. "ಕೋಳಿಗೆ ಯಾತಕ್ಕೆ ಪ್ಯಾಡು? ತಕ್ಕೊಂಡೋಗಿ ಅಕ್ಕಾರೆ. ನಿಮ್ಮಕ್ಕ ನಡೀಲಿ." ಹೊರಡುವಾಗ ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದಳು. ಹಣೆಗಿಟ್ಟುಕೊಂಡೆ. "ಅದ್ಕೂ ಒಂದ್ ಬೊಟ್ಟು ಮಡಗಿ, ಹೊಸ ಮನೆಗೆ ಓಯ್ತಾ ಅದೆ" ಅಂದಳು. ನನ್ನ ಬೆರಳೂ ತಟ್ಟೆಗೆ ಹೋಗಿತ್ತು. ಅಷ್ಟರಲ್ಲಿ ಆ ಹೇಂಟೆ ಬಂದು ಕಾಲಿಗೆ ಸಿಕ್ಕಿ, ನಾನು ಮುಗ್ಗರಿಸಿ, ಪ್ಯಾಡನ್ನು ಎರಡೂ ಕೈಯಲ್ಲಿ ಅವಚಿಕೊಂಡೆ. ಬೊಟ್ಟು ಮರೆತುಹೋಯಿತು. ಅದನ್ನು ನೆನೆದರೆ ಆ ಕೋಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಮ್ಮ ಕಾರಿಗೆ ಕೈ ಹಾಕಿದೆ. ನಮ್ಮವರು ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂತರು. ಓದುತ್ತಿರಲಿಲ್ಲ.

"ಅದು ಕಾರು ಕಣೇ, ಕುಪ್ಪಸದ ಗುಂಡಿಯಲ್ಲ."

"ಕುಪ್ಪಸದ ಗುಂಡಿ ನಿಮಗೆ ಹಾಕೋಕೆ ಬರುತ್ತಾ?"

ಪೇಪರು ಮೇಲಕ್ಕೆ ಹೋಯಿತು.

ಹೇಳಿಕೊಟ್ಟ ಹಾಗೆ ಬ್ಯಾಟರಿಯ ಮೈನಸ್ ತಂತಿ ತೆಗೆದೆ. ಅರ್ಧ ಗಂಟೆ ಹುರುಳಿಕಾಯಿ ಸೋಸುತ್ತ ಕೂತೆ. ಆಮೇಲೆ ಗುಂಡು ತಿರುಗಿಸಿ, ಕ್ಲಿಪ್ಪು ಒಂದೊಂದಾಗಿ ಬಿಡಿಸಿದೆ. ಏಳು ಬಿಟ್ಟವು. ಎಂಟನೆಯದಕ್ಕೆ ಮುಚ್ಚಳ ಗೇರಿನ ಕೋಲಿಗೆ ತಗುಲಿ ನಿಂತುಬಿಟ್ಟಿತು. ಆಟೋಮ್ಯಾಟಿಕ್ ಗೇರು, ಕಾರು ನಿಲ್ಲಿಸಿದಾಗ ಕೋಲು ಮುಂದೆ ಇರುತ್ತದೆ. ಹಿಂದಕ್ಕೆ ಎಳೆದರೆ ಅಲ್ಲಾಡಲಿಲ್ಲ. ಬ್ರೇಕು ಒತ್ತಿ ಎಳೆದೆ, ಇಲ್ಲ. ದೇವಲಾಪುರದಲ್ಲಿ ಇಷ್ಟು ಕಷ್ಟವಾಗಿರಲಿಲ್ಲವಲ್ಲ ಅಂತ ನೋಟ್‌ಬುಕ್ಕು ತೆಗೆದು ನೋಡಿದೆ. ಎಲ್ಲ ಬರೆದಿದ್ದೆ. ಕೋಲು ಮೊದಲೇ ಹಿಂದಕ್ಕಿತ್ತು ಅನ್ನುವುದನ್ನು ಮಾತ್ರ ಬರೆದಿರಲಿಲ್ಲ. ಮದರ್ ಇದ್ದಿದ್ದರೆ ಅಲ್ಲಿಗೇ ಅರ್ಧ ಅಂಕ ಕಳೆಯುತ್ತಿದ್ದರು.

"ಜೋರಾಗಿ ಎಳೆದುಬಿಡ್ಲಾ?" ನಮ್ಮವರು ಎದ್ದು ಬಂದರು.

"ಮುಟ್ಟಬೇಡಿ."

ಸೀಟಿನ ಮೇಲೆ ಕೂತು ಯೋಚಿಸಿದೆ. ಕಾರಿಗೆ ಕರೆಂಟು ಇದ್ದಾಗ ಬ್ರೇಕು ಒತ್ತಿದರೆ ಆ ಕೋಲು ಬಿಡುತ್ತದೆ. ಕರೆಂಟನ್ನು ತೆಗೆದವಳು ನಾನೇ. ಮುಚ್ಚಳವನ್ನು ಮತ್ತೆ ಕೂರಿಸಿ, ಬ್ಯಾಟರಿಯ ತಂತಿ ಸೇರಿಸಿ, ಕೈಬ್ರೇಕು ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ಕೋಲನ್ನು ಹಿಂದಕ್ಕೆ ತಂದೆ. ಮತ್ತೆ ತಂತಿ ತೆಗೆದೆ. ಮತ್ತೆ ಅರ್ಧ ಗಂಟೆ. ಹುರುಳಿಕಾಯಿ ಮುಗಿದಿತ್ತು, ತೆಂಗಿನಕಾಯಿ ತುರಿದೆ.

ಎರಡನೇ ಸಲ ಮುಚ್ಚಳ ಸಲೀಸಾಗಿ ಎದ್ದಿತು. ದೇವಲಾಪುರದಲ್ಲಿ ಮಾಡಿದ ಹಾಗೇ ಇಲ್ಲಿನ ತಂತಿಗಳಿಗೂ ಬೊಟ್ಟು ಅಂಟಿಸಿ ಬಿಡಿಸಿದೆ, ಹಳೆಯ ಪ್ಯಾಡು ಬಂತು. ಕೆಂಪಿಗೆ ಕೆಂಪು ಬೊಟ್ಟು, ಮರೂನಿಗೆ ಮರೂನ್ ಬೊಟ್ಟು ನೋಡಿ ದೇವಲಾಪುರದ್ದನ್ನು ಜೋಡಿಸಿದೆ. ನಾಲ್ಕು ಸ್ಕ್ರೂ ಹಾಕಿದೆ. ಮುಚ್ಚಳ ಒತ್ತುವ ಮೊದಲು ಬ್ಯಾಟರಿ ಸೇರಿಸಿ ಕಾರಿನ ಗುಂಡಿ ಒತ್ತಿದೆ. ಪರದೆ ಬೆಳಗಿತು. ಗಡಿಯಾರ ಹನ್ನೆರಡಕ್ಕೆ ಬಂದು ನಿಂತಿತ್ತು, ಆಗ ತಾನೆ ಹುಟ್ಟಿದ ಹಾಗೆ. ನಾವಿಬ್ಬರೂ ಕೈ ಕಟ್ಟಿಕೊಂಡು ಐದು ನಿಮಿಷ ಆ ಬಾಣವನ್ನೇ ನೋಡಿದೆವು. ಅದು ಕದಲಲಿಲ್ಲ. ನಾನು ಬೆರಳಿಟ್ಟೆ. ನನ್ನ ಜೊತೆ ಬಂತು. ಬೆರಳು ತೆಗೆದೆ. ನಿಂತಿತು.

"ಭೇಷ್" ಅಂದರು ನಮ್ಮವರು. ಅವರು ಹೊಗಳುವುದು ಅಪರೂಪ, ಅದೂ ಬೀದಿಯಲ್ಲಿ ನಿಂತು.

ಅಲ್ಲಿಗೆ ಮುಗಿಯಬೇಕಿತ್ತು. ಹಳೆಯ ಪ್ಯಾಡನ್ನು ಎಸೆಯುವ ಮೊದಲು ಒಳಗೆ ಏನಾಗಿದೆ ನೋಡೋಣ ಅಂತ ಹಿಂಬದಿಯ ಎರಡು ಸಣ್ಣ ಸ್ಕ್ರೂ ಬಿಚ್ಚಿದೆ. ಮಜ್ಜಿಗೆಯ ಬಿಳಿ ಕಲೆ ಕಾಣುತ್ತದೆ ಅಂತ ಅಂದುಕೊಂಡಿದ್ದೆ. ಬಿಳಿಯದು ಏನೂ ಇರಲಿಲ್ಲ. ಅಂಚಿನ ಸಂದಿಗುಂಟ ಒಳಕ್ಕೆ ಇಳಿದು, ಹಸಿರು ಹಲಗೆಯ ಮೇಲೆ ಹರಡಿ, ಒಣಗಿ, ಮತ್ತೆ ಇಳಿದು, ಮತ್ತೆ ಒಣಗಿ ಪದರು ಪದರಾಗಿ ಕೂತಿದ್ದು ಕುಂಕುಮ. ನಡುವೆ ಗಂಧದ ಹಳದಿ ಗೆರೆ. ಮೂಗಿನ ಹತ್ತಿರ ತಂದರೆ ನಮ್ಮ ದೇವರ ಮನೆಯದೇ ವಾಸನೆ.

ಪಾಂಡವಪುರದವನು ಹೇಳಿದ್ದು ನೆನಪಾಯಿತು: ಯಾವಾಗಲೂ ಯಾರೋ ಬೆರಳು ಇಟ್ಟಿದ್ದಾರೆ ಅಂತ ಅದಕ್ಕೆ ಅನ್ನಿಸುತ್ತಿದೆ. ಆ ಬೆರಳು ನನ್ನದೇ. ಮಜ್ಜಿಗೆ ಬೀಳುವುದಕ್ಕೂ ಮುಂಚೆ ಎರಡು ಮೂರು ಶನಿವಾರ ಬಾಣ ಸ್ವಲ್ಪ ನಡುಗಿತ್ತು. ಶುಕ್ರವಾರದ ಒದ್ದೆ ಒಳಗೆ ಇನ್ನೂ ಆರಿರುತ್ತಿರಲಿಲ್ಲ. ನಾನು ನನ್ನ ಕಣ್ಣೇ ಮಂಜು ಅಂತ ಕನ್ನಡಕ ಒರೆಸಿಕೊಂಡಿದ್ದೆ. ಆ ಮಾತನ್ನು ಅಕ್ಕನಿಗೆ ಹೇಳಿದ್ದಿದ್ದರೆ ಅವಳ ಲೆಕ್ಕ ಬೇರೆಯಾಗುತ್ತಿತ್ತು.

ನಮ್ಮವರು ಬಗ್ಗಿ ನೋಡಿದರು. ಆಮೇಲೆ, "ಸರಿಯಾಯ್ತಲ್ಲ. ಇದನ್ನ ಕಸಕ್ಕೆ ಹಾಕು. ನಿಮ್ಮಕ್ಕನಿಗೆ ಯಾಕೆ ಹೇಳ್ತೀಯ? ಆಯಮ್ಮ ಸುಮ್ನೆ ಬಿಡ್ತಾಳಾ?" ಅಂದರು.

ನನಗೂ ಹಾಗೇ ಅನ್ನಿಸಿತ್ತು, ಇಲ್ಲ ಅನ್ನುವುದಿಲ್ಲ. ಅಕ್ಕನ ನಾಲಿಗೆಗೆ ನಾನು ಈಗಲೂ ಹೆದರುತ್ತೇನೆ. ಆದರೆ ಅಕ್ಕನನ್ನು ಬಲ್ಲೆ. ಹೇಳದಿದ್ದರೆ, ಸರಿಯಾದ ಕಾರನ್ನು ಮತ್ತೆ ಹಾಳು ಮಾಡಿಬಿಡುತ್ತೇನೆ ಅಂತ ಹೆದರಿ ಆಗಲೂ ಹತ್ತುವುದಿಲ್ಲ. ಹತ್ತಿದರೂ ಬಾಗಿಲಿಗೆ ಅಂಟಿಕೊಂಡು, ಬಾಯಾರಿದರೂ ನೀರು ಮುಟ್ಟದೆ ಕೂರುತ್ತಾಳೆ. ಹಳೆಯ ಪ್ಯಾಡನ್ನು ಸ್ಟೀಲಿನ ಟಿಫನ್ ಡಬ್ಬಿಗೆ ಹಾಕಿ ಮುಚ್ಚಿದೆ.

ಮಂಗಳವಾರ ಅರ್ಧ ಗಂಟೆ ಮುಂಚೆಯೇ ಕೆ.ಆರ್. ಪೇಟೆಯಲ್ಲಿದ್ದೆ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೊದಲು ನೋಡಿದ್ದು ಅವಳ ಪಾದವನ್ನು. ಹಿಮ್ಮಡಿ ನೆಲ ಮುಟ್ಟಿತ್ತು, ಬೆರಳುಗಳು ಮೇಲೆದ್ದಿದ್ದವು. ಎರಡು ವಾರದಲ್ಲಿ ಕಾಲು ಮತ್ತೆ ಮುಂದಕ್ಕೆ ಚಾಚಲು ಶುರುವಾಗಿತ್ತು.

ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟೆ. "ಏನಿದು, ಕೊಬ್ಬರಿ ಮಿಠಾಯಿನಾ?" ಅಂತ ಮುಚ್ಚಳ ತೆಗೆದಳು.

"ನನ್ನ ಕಾರಿನ ಪ್ಯಾಡು. ಹಳೇದು. ಮಜ್ಜಿಗೆ ಹುಡುಕು."

ಅಕ್ಕ ನನ್ನನ್ನೊಮ್ಮೆ ನೋಡಿದಳು. ಕಿಟಕಿಯ ಮೇಲಿನ ಭೂತಗನ್ನಡಿ ತೆಗೆದುಕೊಂಡು, ಪ್ಯಾಡನ್ನು ಬೆಳಕಿಗೆ ಹಿಡಿದು, ಉತ್ತರಪತ್ರಿಕೆ ತಿದ್ದುವಾಗಿನ ಹಾಗೆ ತುಟಿ ಬಿಗಿದು ನೋಡತೊಡಗಿದಳು. ಉಗುರಿನಲ್ಲಿ ಸ್ವಲ್ಪ ಕೆರೆದಳು. ಉಗುರು ಕೆಂಪಾಯಿತು.

"ಇದು ಕುಂಕುಮ."

"ಹೂಂ."

"ಗಂಧ ಬೇರೆ."

"ಹೂಂ."

"ಎಷ್ಟು ದಿನದಿಂದ?"

"ಕಾರು ಬಂದಾಗಿನಿಂದ. ಎರಡು ವರ್ಷ. ಶುಕ್ರವಾರ ಶುಕ್ರವಾರ."

ಅಕ್ಕನ ತುಟಿ ಒಂದು ಕ್ಷಣ ಅಲುಗಿತು. "ನೂರಾ ನಾಲ್ಕು" ಅಂದಳು. "ನೂರಾ ನಾಲ್ಕು ಬೊಟ್ಟು. ನನ್ನದು ಒಂದು ಚಮಚ ಮಜ್ಜಿಗೆ."

"ತಪ್ಪಾಯ್ತು ಕಣೇ ಅಕ್ಕ. ಮುಂಚೆಯೇ ಬಾಣ ನಡುಗಿತ್ತು. ನಿನಗೆ ಹೇಳಲಿಲ್ಲ."

"ಎರಡು ವಾರ." ಅವಳ ದನಿ ಏರಿತು. "ಎರಡು ವಾರ ಈ ಕುರ್ಚಿಲಿ ಕೂತು ನನ್ನ ಕೈನ ಬೈಕೊಂಡಿದ್ದೀನಿ. ಈ ಮುದಿ ಕೈ ಒಂದು ಬಾಟ್ಲಿ ನೆಟ್ಟಗೆ ಹಿಡಿಯೋಕೂ ಬರಲ್ಲ ಅಂತ. ಮಜ್ಜಿಗೆ ಕುಡಿಯೋದನ್ನೇ ಬಿಟ್ಟೆ, ಗೊತ್ತಾ? ಕಾನ್ವೆಂಟಿಗೆ ಕಳಿಸಿದ್ದು ನಿನ್ನನ್ನ, ಸರ್ಕಾರಿ ಸ್ಕೂಲಲ್ಲಿ ಓದಿದ್ದು ನಾನು. ಕರೆಂಟಿನ ಸಾಮಾನಿಗೆ ನೀರು ಕಲಸಿದ ಕುಂಕುಮ ಇಡ್ತಾರೇನೇ? ಮಿಕ್ಸಿಗೆ ಇಡ್ತೀಯಾ? ಟಿ.ವಿ.ಗೆ?"

"ಆಯುಧ ಪೂಜೆಗೆ ಇಡ್ತೀನಿ."

"ಬಾಯಿ ಮುಚ್ಚು."

ನಾನು ಮುಚ್ಚಿದೆ. ಅವಳು ಪ್ಯಾಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿ ಹೋದಳು. ಅಕ್ಕ ಕರೆಯಲಿಲ್ಲ.

"ಹೊಸದನ್ನ ಹಾಕಿದ್ದು ಯಾರು?"

"ನಾನೇ."

"ನೀನು?"

ನೋಟ್‌ಬುಕ್ಕು ಕೊಟ್ಟೆ. ಚುಕ್ಕಿಗಳು, ಎಂಟು ಕ್ಲಿಪ್ಪು, ಬೊಟ್ಟಿನ ಗುರುತು, ಕೊನೆಯಲ್ಲಿ ಗೇರಿನ ಕೋಲಿನ ವಿಷಯ. ಅವಳು ಮೊದಲಿಂದ ಕೊನೆಯವರೆಗೆ ಓದಿದಳು. ಕೋಲಿನ ಸಾಲಿನ ಮೇಲೆ ಬೆರಳಿಟ್ಟು, "ಇದು ಮೊದಲನೇ ಹಂತ. ಕೊನೇಲಿ ಬರೆದಿದ್ದೀಯ" ಅಂದಳು.

"ತಿದ್ತೀನಿ."

"ಚಪ್ಪಲಿ ಎಲ್ಲಿ ನೋಡು. ಆ ಫ್ರಿಜ್ಜಿನಲ್ಲಿ ಮೊಸರಿದೆ, ಒಂದು ಬಾಟ್ಲಿ ಮಜ್ಜಿಗೆ ಕಡಿ. ಉಪ್ಪು ಕಡಿಮೆ ಹಾಕು."

ಕಾರಿನ ಹತ್ತಿರ ಬಂದು ಅವಳು ಊರುಗೋಲನ್ನು ನನ್ನ ಕೈಗೆ ಕೊಟ್ಟಳು. ಸೀಟಿನ ಮೇಲೆ ಕೂತು, ಸೀರೆಯ ನೆರಿಗೆ ಸಮೇತ ಬಲ ತೊಡೆಯನ್ನು ಎರಡೂ ಕೈಯಿಂದ ಎತ್ತಿ ಒಳಗೆ ತಂದಳು. ಪಾದ ಬಾಗಿಲಿನ ಅಂಚಿಗೆ ತಗುಲಿತು. ಹದಿನೈದು ದಿನದ ಹಿಂದೆ ತಗುಲುತ್ತಿರಲಿಲ್ಲ. ನಾನು ಬಗ್ಗಿ ಹಿಡಿಯಹೋದೆ. "ಬಿಡು" ಅಂದಳು. ಹಲ್ಲು ಕಚ್ಚಿ ಇನ್ನೊಂದು ಸಲ ಎತ್ತಿದಳು. ಬಂತು.

ದಾರಿಯುದ್ದಕ್ಕೂ ಅವಳು ಪರದೆಯ ಬಾಣವನ್ನೇ ಕಾವಲು ಕಾದಳು. ಅದು ಕದಲಲಿಲ್ಲ. ನಾಗಮಂಗಲ ಇನ್ನು ಸ್ವಲ್ಪ ದೂರ ಇರುವಾಗ ಬಾಟಲಿ ತೆಗೆದು, ನನಗೆ ಕಾಣುವ ಹಾಗೆ ಪ್ಯಾಡಿನ ಮೇಲೆ ಕರವಸ್ತ್ರ ಹಾಸಿ, ಒಂದು ಗುಟುಕು ಕುಡಿದಳು.

"ಈ ಶುಕ್ರವಾರ ಎಲ್ಲಿಡ್ತೀಯ ನಿನ್ನ ಕುಂಕುಮ?"

"ಎಲ್ಲರ ಹಾಗೆ ಬಾನೆಟ್ಟಿಗೆ."

"ಇಂಜಿನ್ನಿನೊಳಗೆ ಸುರೀಬೇಡ ಮತ್ತೆ" ಅಂದು ಇನ್ನೊಂದು ಗುಟುಕು ಕುಡಿದಳು.

ಫಿಸಿಯೋಥೆರಪಿಯ ಮಂಚದ ಮೇಲೆ ಆ ಹೆಣ್ಣುಮಗಳು ಅಕ್ಕನ ಹಿಮ್ಮಡಿ ಹಿಡಿದು ಮೆಲ್ಲಗೆ ತಳ್ಳಿದಳು. ಮೊದಲು ಎಲ್ಲಿಗೆ ಬರುತ್ತಿತ್ತೋ ಅದಕ್ಕಿಂತ ಎರಡು ಬೆರಳು ಹಿಂದೆಯೇ ಮಂಡಿ ನಿಂತಿತು. ಅಕ್ಕ ನನ್ನ ಮಣಿಕಟ್ಟನ್ನು ಹಿಡಿದಳು, ಬಳೆ ಒತ್ತಿ ಗುರುತು ಬೀಳುವಷ್ಟು ಗಟ್ಟಿಯಾಗಿ. ಕೂಗಲಿಲ್ಲ.

"ಗಟ್ಟಿಯಾಗಿದೆ. ಆದ್ರೆ ಇನ್ನೂ ಬಿಟ್ಟುಕೊಡುತ್ತೆ ಮೇಡಂ" ಅಂದಳು ಆಕೆ. "ಇನ್ನು ಮೇಲೆ ಒಂದು ದಿನವೂ ತಪ್ಪಿಸಬಾರದು."

ಅಕ್ಕ ಉಸಿರು ಬಿಟ್ಟು ನನ್ನ ಕಡೆ ತಿರುಗಿದಳು.

"ಶನಿವಾರ ಒಂಬತ್ತಕ್ಕೇ ಬಾ. ಒಂಬತ್ತೂವರೆ ಬೇಡ" ಅಂದಳು. ಆಮೇಲೆ ಆ ಹೆಣ್ಣುಮಗಳಿಗೆ, "ಇನ್ನೊಂದು ಸಲ ತಳ್ಳಮ್ಮ" ಅಂದಳು.